ಬಂಬಿಗೆ ತಂತಿ ಹಚ್ಚಿದ ಮಾವಶಿ

ಮೆಟ್ಟಿಲ ಮೇಲೆ ಒಂದು ಚಪ್ಪಲಿ ಬಿದ್ದಿರುತ್ತಿತ್ತು. ನೀಲಿ ಪಟ್ಟಿಯ, ಹಿಮ್ಮಡಿ ಸವೆದ ರಬ್ಬರ್ ಚಪ್ಪಲಿ. ಅದರ ಜೋಡಿ ನಮ್ಮ ಬಾಗಿಲಲ್ಲಿ ನಿಂತ, ಕೆಳಗಿನ ಮನೆಯ ಮಾವಶಿಯ ಎಡಗಾಲಲ್ಲಿರುತ್ತಿತ್ತು. ಬಲಗಾಲಿನದು ನಡುದಾರಿಯಲ್ಲಿ ಕಳಚಿದ್ದು ಅವರಿಗೆ ಗೊತ್ತೇ ಆಗಿರುತ್ತಿರಲಿಲ್ಲ. ಬಿಸಿಲಿಗೆ ಕಾದ ಸಿಮೆಂಟಿನ ಮೇಲೆ ಆ ಬರಿಗಾಲನ್ನು ಊರಿ, ಕೈಯಲ್ಲಿ ಮೆಂತ್ಯದ ಸೊಪ್ಪಿನ ಕಟ್ಟು ಹಿಡಿದು, ನೀರಿನ ಟ್ಯಾಂಕರ್ ಬಂತೋ ಇಲ್ಲವೋ ಎಂದು ಆರಾಮಾಗಿ ಮಾತಾಡುತ್ತಿದ್ದರು.

ನನ್ನ ಗಂಡ ಇಳಿದು ಹೋಗಿ ಆ ಚಪ್ಪಲಿ ತಂದುಕೊಡುತ್ತಿದ್ದರು. "ಆಂಟಿ, ನಿಮ್ಮ ಚಪ್ಪಲಿ ನಮ್ಮನೆಗೆ ಬರೋಕೆ ಒಪ್ತಾನೇ ಇಲ್ಲ ನೋಡಿ."

"ಅದಕ್ಕ ನಿಮ್ಮ ಮೈಸೂರ ಮಾತು ತಿಳಿಯೂದಿಲ್ಲಪಾ. ಅಂಜಿ ಅಲ್ಲೇ ಕುಂತದ."

ನಾವು ಮೂವರೂ ನಗುತ್ತಿದ್ದೆವು. ಆ ಚಪ್ಪಲಿ ಯಾಕೆ ಕಳಚುತ್ತದೆ ಎಂಬುದು ತಿಳಿದ ಮೇಲೆ ನನಗೆ ನಗು ಬರಲಿಲ್ಲ. ಅಷ್ಟರಲ್ಲಿ ನನ್ನ ಇಪ್ಪತ್ತು ದಿನದ ಕೂಸು ಪ್ರತಿ ಬೆಳಿಗ್ಗೆ ಅದೇ ಕಾಲಿನ ಮೇಲೆ ಮಲಗಿ ಬಿಸಿನೀರು ಹಾಕಿಸಿಕೊಳ್ಳುತ್ತಿತ್ತು.

ಪುಣೆಯ ಸಾಸವಡ ರಸ್ತೆಯಿಂದ ಒಳಗೆ ಹೋಗುವ ಓಣಿಯೊಂದರಲ್ಲಿ ಅವರದು ಎರಡಂತಸ್ತಿನ ಸಣ್ಣ ಮನೆ. ಕೆಳಗೆ ಅವರು, ಮೇಲೆ ಬಾಡಿಗೆಗೆ ನಾವು. ನಾನು ವಿಜಯಪುರದ ಕಡೆಯವಳು, ಪತ್ರಿಕೆಯೊಂದರ ಸುದ್ದಿ ವಿಭಾಗದಲ್ಲಿ ಕೆಲಸ. ನನ್ನ ಗಂಡ ಮೈಸೂರಿನವರು, ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾರೆ. ಮಾವಶಿ ಇಂಡಿ ತಾಲೂಕಿನ ಹಳ್ಳಿಯಿಂದ ಮದುವೆಯಾಗಿ ಪುಣೆಗೆ ಬಂದವರು. ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ನಿವೃತ್ತಿಯ ತನಕ ಭೋಸರಿಯ ಒಂದು ಕಾರ್ಖಾನೆಯಲ್ಲಿ ದುಡಿದಿದ್ದರು. ಗಾಡಿಗಳ ಕಬ್ಬಿಣದ ಬಿಡಿಭಾಗಗಳನ್ನು ಕುಲುಮೆಯಲ್ಲಿ ಕಾಯಿಸಿ ಗಟ್ಟಿ ಮಾಡುವ ಕಾರ್ಖಾನೆ ಅದು. ಕುಲುಮೆಯ ಕಾವನ್ನು ಮೀಟರಿನಲ್ಲಿ ನೋಡಿ, ಬಾಗಿಲು ತೆಗೆಯಬಹುದು ಅಥವಾ ತೆಗೆಯಬಾರದು ಎಂದು ಹೇಳುವುದು ಅವರ ಕೆಲಸವಾಗಿತ್ತು.

ಓಣಿಯ ಮರಾಠಿ ಮಂದಿ ಅವರನ್ನು ಮಾವಶಿ ಎನ್ನುತ್ತಿದ್ದರು, ಚಿಕ್ಕಮ್ಮ ಎಂಬ ಹಾಗೆ. ನನಗೂ ಅದೇ ರೂಢಿಯಾಯಿತು. ಆ ಓಣಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ನೀರು ಹಾಕಲು ಮಾವಶಿಯೇ ಬರಬೇಕು. ಹಣ ಮುಟ್ಟುತ್ತಿರಲಿಲ್ಲ. ಕೊನೆಯ ದಿನ ಕೊಡುವ ಕುಬಸದ ಬಟ್ಟೆಯನ್ನು ಮಾತ್ರ ಎರಡೂ ಕೈಯಿಂದ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಅವರು ನೀರು ಹಾಕಿದ ಹುಡುಗರು ಬೈಕು ಓಡಿಸುವ ವಯಸ್ಸಿಗೆ ಬಂದಿದ್ದರು. ಅಂಥವನೊಬ್ಬ ಓಣಿಯಲ್ಲಿ ಜೋರಾಗಿ ಹಾರ್ನ್ ಹೊಡೆದರೆ, ನಿನ್ನ ಕುಂಡಿ ತೊಳೆದವಳು ನಾನು, ಹಗುರ ಹೋಗು ಎಂದು ಮರಾಠಿಯಲ್ಲಿ ಬಾಗಿಲಿನಿಂದಲೇ ಕೂಗಿ ಹೇಳುತ್ತಿದ್ದರು.

ಅವರ ಹಿತ್ತಿಲ ಬಚ್ಚಲಲ್ಲಿ ಒಂದು ತಾಮ್ರದ ಬಂಬ ಇತ್ತು. ನಮ್ಮ ಕಡೆ ಮತ್ತು ಮಹಾರಾಷ್ಟ್ರದಲ್ಲಿ ಹಳೆಯ ಮನೆಗಳಲ್ಲಿ ಇದು ಈಗಲೂ ಕಾಣುತ್ತದೆ. ಕೊಡವನ್ನು ಎತ್ತರಕ್ಕೆ ಎಳೆದ ಹಾಗೆ ಆಕಾರ, ನಡುವೆ ಬೆಂಕಿ ಉರಿಯುವ ಕೊಳವೆ, ಕೊಳವೆಯ ಸುತ್ತ ನೀರು. ಕಟ್ಟಿಗೆಯ ತುಂಡನ್ನು ಮೇಲಿನಿಂದ ಇಳಿಬಿಡಬೇಕು, ಕೆಳಗಿನ ನಲ್ಲಿಯಿಂದ ಬಿಸಿನೀರು ಹಿಡಿಯಬೇಕು. ಗೀಸರ್ ಹಾಕಿಸಿಕೊಳ್ಳಿ ಎಂದರೆ ಅವರು ಕೇಳುತ್ತಿರಲಿಲ್ಲ. ಬಾಣಂತಿಯ ಮಂಚದ ಕೆಳಗಿಡುವ ಅಗ್ಗಿಷ್ಟಿಕೆಗೆ, ಶೆಗಡಿಗೆ, ಕೆಂಡ ಯಾವ ಗೀಸರಿನಿಂದ ತರಲಿ ಎನ್ನುತ್ತಿದ್ದರು. ಉರಿಸುವುದು ಜಾಲಿಯ ಕಟ್ಟಿಗೆ ಮಾತ್ರ. ಸಾಸವಡದ ಕಡೆಯಿಂದ ಒಂದು ಟೆಂಪೋದವನು ತಂದು ಹಾಕುತ್ತಿದ್ದ. ಹತ್ತಿರದ ಕಾರ್ಖಾನೆಗಳಿಂದ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆಗಳು ಸುಮ್ಮನೆ ಸಿಗುತ್ತಿದ್ದವು, ಆದರೆ ಅವನ್ನು ಮುಟ್ಟುತ್ತಿರಲಿಲ್ಲ. ಆ ಹಗುರ ಹಲಗೆ ಒಮ್ಮೆಲೇ ಭುಗಿಲೆಂದು ಉರಿಯುತ್ತದೆ, ನೀರಿನ ಕಾವು ಹಿಡಿತಕ್ಕೆ ಸಿಗುವುದಿಲ್ಲ ಎನ್ನುತ್ತಿದ್ದರು.

ನನಗೆ ಏಳನೆಯ ತಿಂಗಳು. ನನ್ನ ಅವ್ವ ತೀರಿಹೋಗಿದ್ದಳು. ಅತ್ತೆಗೆ ಮೈಸೂರಿನಿಂದ ಬರುವಷ್ಟು ಆರೋಗ್ಯ ಇರಲಿಲ್ಲ. ಕೂಸಿಗೆ ನೀರು ಹಾಕಲು ನೀವೇ ಬರಬೇಕು ಎಂದು ಮಾವಶಿಯನ್ನು ಕೇಳಿದೆ. ಆಗಲಿ ಎಂದು ತಕ್ಷಣ ಹೇಳುತ್ತಾರೆ ಅಂದುಕೊಂಡಿದ್ದೆ. ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತರು. ಆಮೇಲೆ ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋದರು. ಮರುದಿನ ಬಸ್ಸು ಹತ್ತಿ ಬುಧವಾರ ಪೇಠೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗಿ, ಒಂದು ಚೀಲದ ತುಂಬ ತಂತಿ ತಂದರು. ಸಂಜೆ ಮೇಲೆ ಬಂದು, ಬರುತ್ತೇನೆ, ಆದರೆ ಬಂಬಿಗೆ ಸೆನ್ಸರ್ ಹಚ್ಚಿದ ಮೇಲೆ ಎಂದರು.

ಪೆನ್ಸಿಲಿನಷ್ಟು ದಪ್ಪದ ಉಕ್ಕಿನ ಮೊನೆ, ಅದರ ಹಿಂದೆ ಉದ್ದನೆಯ ಕಪ್ಪು ತಂತಿ. ಅಂಥವು ಮೂರು. ಒಂದೊಂದನ್ನೂ ಬರ್ಫದ ನೀರಿನಲ್ಲಿ ಅದ್ದಿ, ಕುದಿಯುವ ನೀರಿನಲ್ಲಿ ಅದ್ದಿ, ಮೂರೂ ಒಂದೇ ಮಾತು ಹೇಳುತ್ತವೋ ಇಲ್ಲವೋ ಎಂದು ನೋಡಿದ ಮೇಲೆಯೇ ಬಂಬಿನ ಹತ್ತಿರ ತಂದರು. ಮೊದಲು ನಲ್ಲಿಯ ಬುಡಕ್ಕೆ ಒಂದನ್ನು ಮಾತ್ರ ಕಟ್ಟಿದರು. ಅದು ಉಗುರುಬೆಚ್ಚಗಿದೆ ಎನ್ನುತ್ತಿತ್ತು, ಬಕೆಟ್ ತುಂಬುವಷ್ಟರಲ್ಲಿ ನೀರು ಮುಟ್ಟಲಾಗದಷ್ಟು ಸುಡುತ್ತಿತ್ತು. ಬಿಸಿನೀರು ಬಂಬಿನ ಮೇಲ್ಭಾಗದಲ್ಲಿ ನಿಲ್ಲುತ್ತದೆ, ತಣ್ಣನೆಯದು ತಳದಲ್ಲಿ. ಮೊದಲ ತಂಬಿಗೆಯಲ್ಲಿ ಬರುವುದು ತಳದ ನೀರು. ಇದನ್ನು ಕಂಡು ಅವರ ಮುಖ ಸಣ್ಣದಾಯಿತು. ಇಷ್ಟು ವರ್ಷ ಆ ಬಂಬಿನ ನೀರನ್ನೇ ಊರ ಕೂಸುಗಳಿಗೆ ಹಾಕಿದ್ದರಲ್ಲ. ಎರಡನೆಯ ತಂತಿಯನ್ನು ನೀರು ತುಂಬುವ ಬಾಯಿಯಿಂದ ಒಳಗೆ ಇಳಿಬಿಟ್ಟು ಮೇಲ್ಭಾಗದ ಬಿಸಿಯನ್ನು ಹಿಡಿದರು. ಮೂರನೆಯದನ್ನು ಬಿಸಿನೀರು ತಣ್ಣೀರು ಬೆರೆಸುವ ಅಗಲ ಬಾಯಿಯ ಪಾತ್ರೆಯ, ಗಂಗಾಳದ, ಅಂಚಿಗೆ ಸಿಕ್ಕಿಸಿದರು. ಕೂಸಿನ ಮೇಲೆ ಬೀಳುವುದು ಗಂಗಾಳದ ನೀರೇ ಆದ್ದರಿಂದ ಅದರ ಅಂಕಿಯೇ ಮುಖ್ಯ.

ನನ್ನ ಗಂಡ ಮೂರೂ ತಂತಿಗಳನ್ನು ಒಂದು ಪುಟ್ಟ ಪೆಟ್ಟಿಗೆಗೆ ಜೋಡಿಸಿದರು. ಬಚ್ಚಲ ಗೋಡೆಯ ಮೇಲಿನ ಆ ಪೆಟ್ಟಿಗೆ ಮೂರು ಅಂಕಿ ತೋರಿಸುತ್ತಿತ್ತು. ಅವೇ ಅಂಕಿಗಳು ನನ್ನ ಫೋನಿನಲ್ಲೂ ಕಾಣುವಂತೆ ಮಾಡಿದರು. ಕೆಲಸ ಮುಗಿದ ಮೇಲೆ, "ಬಂಬನ್ನ ಐಸಿಯುಗೆ ಹಾಕಿಬಿಟ್ರಲ್ಲ ಆಂಟಿ," ಎಂದರು.

"ಐಸಿಯುದಾಗ ಪೇಶಂಟ್ ಮಲಗಿರತಾನ. ಇದು ಎದ್ದು ಕುಂತದ," ಎಂದರು ಮಾವಶಿ. ನಗಲಿಲ್ಲ.

ಕಾರ್ಖಾನೆಯಲ್ಲಿ ದುಡಿದವರ ಹವ್ಯಾಸ ಎಂದು ನಾನು ಅಂದುಕೊಂಡೆ.

ಜೂನ್ ತಿಂಗಳಲ್ಲಿ ಮಗಳು ಹುಟ್ಟಿದಳು. ನನ್ನನ್ನೂ ಕೂಸನ್ನೂ ಮಾವಶಿ ತಮ್ಮ ಕೆಳಗಿನ ಮನೆಯ ಕೋಣೆಗೇ ಇಳಿಸಿಕೊಂಡರು. ಬಚ್ಚಲು ಅಲ್ಲಿಂದ ನಾಲ್ಕು ಹೆಜ್ಜೆ.

ನೀರು ಹಾಕುವ ಕ್ರಮ ಹೀಗಿತ್ತು. ಮಾವಶಿ ಸೀರೆಯನ್ನು ಮೊಣಕಾಲ ಮೇಲಕ್ಕೆ ಸಿಕ್ಕಿಸಿ, ಮಣೆಯ ಮೇಲೆ ಕೂತು, ಎರಡೂ ಕಾಲುಗಳನ್ನು ಜೋಡಿಸಿ ಮುಂದಕ್ಕೆ ಚಾಚುತ್ತಿದ್ದರು. ಎಣ್ಣೆ ಹಚ್ಚಿದ ಕೂಸನ್ನು ಆ ಕಾಲುಗಳ ಮೇಲೆ ಬೋರಲು ಮಲಗಿಸುತ್ತಿದ್ದರು. ಎಡಗೈ ಕೂಸನ್ನು ಹಿಡಿದಿರುತ್ತದೆ, ಬಲಗೈಯಲ್ಲಿ ತಂಬಿಗೆ. ಹಾಕಿದ ನೀರು ಕೂಸಿನ ಬೆನ್ನಿನಿಂದ ಇಳಿದು ಹಾಕುವವಳ ಕಾಲಿನ ಮೇಲೆ ಹರಿಯುತ್ತದೆ. ಅದಕ್ಕೂ ಮೊದಲು, ಪ್ರತಿ ತಂಬಿಗೆಯ ಮೊದಲ ಧಾರೆಯನ್ನು ತನ್ನ ಕಾಲಿನ ಮೇಲೆ ಬಿಟ್ಟುಕೊಂಡು ನೋಡುವುದು ರೂಢಿ. ಕೂಸಿಗೆ ಮಾತು ಬರುವುದಿಲ್ಲ, ಆದ್ದರಿಂದ ಹಾಕುವವಳ ಕಾಲೇ ಅದರ ಪರವಾಗಿ ಮಾತಾಡಬೇಕು. ನಮ್ಮ ಅಜ್ಜಿಯರ ಕಾಲದಿಂದ ಕೂಸುಗಳು ಉಳಿದಿರುವುದು ಈ ಒಂದು ಕಾವಲಿನಿಂದ.

ಗಾಳಿ ಬೀಸಬಾರದೆಂದು ಬಚ್ಚಲ ಬಾಗಿಲು ಮುಚ್ಚಿರುತ್ತಿತ್ತು. ಒಳಗಿನಿಂದ ಮಾವಶಿಯ ಮಾತು ನಿಲ್ಲದೆ ಕೇಳುತ್ತಿತ್ತು. ಟೊಮ್ಯಾಟೊ ತುಟ್ಟಿಯಾಗಿದೆ, ಎದುರು ಮನೆಯವಳು ಸೊಸೆಯ ಜೊತೆ ಮಾತು ಬಿಟ್ಟಿದ್ದಾಳೆ, ನಿಮ್ಮಪ್ಪ ನೀರಿಗೂ ಬಹುವಚನ ಹಚ್ಚಿ ಮಾತಾಡುತ್ತಾನೆ. ಎಲ್ಲ ಸುದ್ದಿಯನ್ನೂ ಕೂಸಿಗೆ ಒಪ್ಪಿಸುತ್ತಿದ್ದರು. ಹೊರಗೆ ಕೂತ ನಾನು ಅದನ್ನು ಕೇಳಿ ನೆಮ್ಮದಿಯಾಗಿರುತ್ತಿದ್ದೆ.

ಆ ನೆಮ್ಮದಿ ಒಂದು ಮಧ್ಯಾಹ್ನ ಹೋಯಿತು. ನಾನು ಮಂಚದ ಮೇಲೆ ಮಲಗಿದ್ದೆ. ಮಾವಶಿ ಇಕ್ಕಳದಿಂದ ಕೆಂಡ ತಂದು ಮಂಚದ ಕೆಳಗಿನ ಶೆಗಡಿಗೆ ಹಾಕುತ್ತಿದ್ದರು. ಓಂಕಾಳು ಉದುರಿಸುತ್ತ, ತಮ್ಮ ಊರಿನಲ್ಲಿ ಬಾಣಂತಿಗೆ ಏನೇನು ತಿನ್ನಿಸುತ್ತಾರೆ ಎಂದು ಹೇಳುತ್ತಿದ್ದರು. ಒಂದು ಕೆಂಡ ಜಾರಿ ಅವರ ಪಾದದ ಮೇಲೆ ಬಿತ್ತು. ಮಾವಶಿ ಮಾತು ನಿಲ್ಲಿಸಲಿಲ್ಲ. ಕಾಲು ಎಳೆದುಕೊಳ್ಳಲಿಲ್ಲ. ಕೆಂಡ ಅಲ್ಲೇ ಕೂತಿತ್ತು. ಓಂಕಾಳಿನ ವಾಸನೆಯೊಳಗೆ ಇನ್ನೊಂದು ವಾಸನೆ ಸೇರಿತು.

"ಮಾವಶಿ, ಕಾಲು," ಎಂದೆ.

ಅವರು ಬಗ್ಗಿ ನೋಡಿದರು. ಬೇರೆ ಯಾರದೋ ಕಾಲನ್ನು ನೋಡಿದ ಹಾಗೆ ನೋಡಿದರು. ಇಕ್ಕಳದಿಂದ ಕೆಂಡವನ್ನು ಎತ್ತಿ ಶೆಗಡಿಗೆ ಹಾಕಿದರು. ಆಮೇಲೆ ತಲೆಯೆತ್ತಿ ನನ್ನ ಕಡೆ ನೋಡಿದರು. ನಾನು ಕಂಡದ್ದು ಅವರಿಗೆ ತಿಳಿಯಿತು.

ಸುದ್ದಿಮನೆಯಲ್ಲಿ ಕಲಿತ ಪಾಠ ಒಂದಿದೆ, ಸಂಶಯ ಬಂದಾಗ ಸುತ್ತಿ ಬಳಸಿ ಕೇಳಬಾರದು. ಪಕ್ಕದಲ್ಲಿ ಮಲಗಿದ್ದ ಕೂಸಿನ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಕೇಳಿದೆ. "ನಿಮ್ಮ ಕಾಲಿಗೆ ಬಿಸಿ ತಿಳಿಯೂದಿಲ್ಲೇನ್ರಿ?"

"ಇಲ್ಲ," ಎಂದರು. "ಮೊಣಕಾಲ ತನಕ ಸತ್ತಾವ. ಶುಗರಿಂದ. ಡಾಕ್ಟರ್ ಹೇಳ್ಯಾರ."

ಅಂದರೆ ಕಾವಲು ಇರಲೇ ಇಲ್ಲ. ಇಷ್ಟು ದಿನ ನನ್ನ ಮಗಳು ಮಲಗಿದ್ದ ಕಾಲುಗಳಿಗೆ ಕುದಿಯುವ ನೀರೂ ಒಂದೇ, ತಣ್ಣೀರೂ ಒಂದೇ. ಕೈಗೆ ತಿಳಿಯುತ್ತದೆಯೇ ಎಂದು ಕೇಳಿದೆ. ಅರ್ಧ ತಿಳಿಯುತ್ತದೆ, ಒಂದೊಂದು ದಿನ ಬೆರಳ ತುದಿಯೂ ಮಂದವಾಗಿರುತ್ತದೆ, ಅದಕ್ಕೇ ತಂತಿ ಹಚ್ಚಿದೆ ಎಂದರು. ಅದು ಹವ್ಯಾಸವಲ್ಲ ಎಂದು ನನಗೆ ತಿಳಿದದ್ದು ಆಗ. ಸತ್ತ ಕಾಲಿನ ಜಾಗಕ್ಕೆ ಅವರು ಉಕ್ಕಿನ ಮೊನೆಯನ್ನು ತಂದು ಇಟ್ಟಿದ್ದರು.

ಹಾಗಾದರೆ ಯಾಕೆ ಒಪ್ಪಿದಿರಿ ಎಂದು ಕೇಳಿದೆ. ದನಿ ಗಟ್ಟಿಯಾಗಿಯೇ ಇತ್ತು.

ಅವರು ಸುಟ್ಟ ಪಾದಕ್ಕೆ ತಣ್ಣೀರು ಹಾಕಿಕೊಳ್ಳುತ್ತ ಕಾರ್ಖಾನೆಯ ಕಥೆ ಹೇಳಿದರು. ಒಂದು ಬೆಳಿಗ್ಗೆ ಕುಲುಮೆಯ ಮೀಟರಿನ ಮುಳ್ಳು ಒಂದೇ ಕಡೆ ನಿಂತಿತ್ತಂತೆ. ಮುಳ್ಳು ಸ್ವಲ್ಪವಾದರೂ ಅಲ್ಲಾಡುತ್ತಿರಬೇಕು, ಬೆಂಕಿ ಎಂದೂ ಸುಮ್ಮನೆ ಕೂರುವುದಿಲ್ಲ. ಆದರೆ ಅಂಕಿ ಸರಿಯಾಗಿದ್ದದ್ದರಿಂದ ಮಾವಶಿ ಬಾಗಿಲು ತೆಗೆಯಿರಿ ಎಂದರು. ಮುಳ್ಳು ಕೆಟ್ಟು ನಿಂತಿತ್ತು, ಒಳಗಿನ ಕಾವು ಬೇರೆಯೇ ಇತ್ತು. ಬಾಗಿಲು ತೆಗೆದವನ ಮುಖ ಬೆಂದಿತು. ಅವನು ಬದುಕಿದ, ಆದರೆ ಅವನ ಹೆಂಡತಿ ಅವನನ್ನು ನೋಡಲು ಬಂದ ದಿನ ಮಾವಶಿ ಆಸ್ಪತ್ರೆಯ ಮೆಟ್ಟಿಲು ಹತ್ತಲಾಗದೆ ಹಿಂದಿರುಗಿದ್ದರು.

"ಅವತ್ತಿಂದ ನಾ ಹೆದರಕೋತ ಬದಕೀನಿ," ಎಂದರು. "ನಾ ಒಲ್ಲೆ ಅಂದಿದ್ರ ನೀ ಬ್ಯಾರೆ ಯಾರನ್ನರ ಕರಸ್ತಿದ್ದಿ. ಆಕಿ ಹೆದರತಿದ್ದಿಲ್ಲ. ಹೆದರವರ ಕೈಯಾಗ ಕೂಸಿದ್ರ ಛಲೋ ತಂಗಿ."

ಅಂದು ಸಂಜೆ ಎಲ್ಲವನ್ನೂ ಗಂಡನಿಗೆ ಹೇಳಿದೆ. ಮಾವಶಿಯಿಂದ ನೀರು ಹಾಕಿಸುವುದನ್ನು ನಿಲ್ಲಿಸಿಬಿಡೋಣ ಎಂದರು ಅವರು. ಬೇರೆ ಯಾರು ಎಂದು ಕೇಳಿದರೆ ಅವರ ಹತ್ತಿರವೂ ಹೆಸರಿರಲಿಲ್ಲ. ಬಾಣಂತಿ ತಾನೇ ಕೂಸಿಗೆ ನೀರು ಹಾಕುವುದು ಆ ಓಣಿಯಲ್ಲಿ ಯಾರೂ ಕೇಳದ ಮಾತು. ನನಗೂ ಆ ಇಷ್ಟಗಲದ ಜಾರುವ ಮೈಯನ್ನು ಹಿಡಿಯುವ ಧೈರ್ಯ ಇರಲಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಮೊದಲು ನಾನು ಗಂಗಾಳದಲ್ಲಿ ಕೈ ಅದ್ದಿ ನೋಡಬೇಕು, ಆಮೇಲೆಯೇ ಬಾಗಿಲು ಮುಚ್ಚುವುದು. ನಡುವೆ ಬಿಸಿನೀರು ಸೇರಿಸುವಾಗ ಪೆಟ್ಟಿಗೆಯ ಅಂಕಿಯನ್ನು ಒಳಗೆ ಮಾವಶಿ, ಹೊರಗೆ ಫೋನಿನಲ್ಲಿ ನಾನು, ಇಬ್ಬರೂ ನೋಡುತ್ತಿರಬೇಕು. ಮೂವತ್ತೊಂಬತ್ತು ಡಿಗ್ರಿ ದಾಟಿದರೆ ಕೈ ನಿಲ್ಲಬೇಕು.

ಮಾವಶಿ ಇದಕ್ಕೆ ಬೇಸರ ಮಾಡಿಕೊಳ್ಳಲಿಲ್ಲ. ನನ್ನ ಕೈ ಗಂಗಾಳದಲ್ಲಿರುವಾಗ ನನ್ನ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದರು. ನಾನು ತಲೆಯಾಡಿಸಿದ ಮೇಲೆ ಉಸಿರು ಬಿಡುತ್ತಿದ್ದರು. ಹಾಗೆ ಕೆಲವು ದಿನ ಕಳೆದವು. ನಾನು ಫೋನು ಹಿಡಿದು ಬಾಗಿಲ ಹೊರಗೆ ಕೂರುತ್ತಿದ್ದೆ. ಮೂವತ್ತೆಂಟು, ಮೂವತ್ತೆಂಟೂವರೆ, ಮತ್ತೆ ಮೂವತ್ತೆಂಟು. ಕೂಸನ್ನು ಒರೆಸಿ ನನ್ನ ಮಡಿಲಿಗೆ ಕೊಟ್ಟಾಗ ಅದರ ಬೆನ್ನು, ತೊಡೆ, ಕಿವಿಯ ಹಿಂಭಾಗವನ್ನೆಲ್ಲ ಕೆಂಪಾಗಿದೆಯೇ ಎಂದು ತಿರುಗಿಸಿ ನೋಡುತ್ತಿದ್ದೆ. ಮಾವಶಿ ನೋಡದವರಂತೆ ಬೇರೆ ಕಡೆ ತಿರುಗುತ್ತಿದ್ದರು.

ಪಾಲಖಿಯ ವಾರ ಬಂತು. ಪಲ್ಲಕ್ಕಿಯ ಜೊತೆ ವಾರಕರಿ ಯಾತ್ರಿಕರು ನಡೆದುಹೋಗುವಾಗ ಸಾಸವಡದ ರಸ್ತೆಯಲ್ಲಿ ಗಾಡಿ ಬಿಡುವುದಿಲ್ಲ. ಟೆಂಪೋದವನು ಬರಲಿಲ್ಲ, ಜಾಲಿಯ ಕಟ್ಟಿಗೆ ಮುಗಿಯಿತು. ಉಳಿದಿದ್ದ ಎರಡು ತುಂಡು ಮಳೆಗೆ ನೆನೆದು ಹೊಗೆ ಮಾತ್ರ ಕೊಡುತ್ತಿದ್ದವು. ಇವತ್ತೊಂದು ದಿನ ನೀರು ಬೇಡ ಎಂದೆ. ಎಣ್ಣೆ ಹಚ್ಚಿ ಆಗಿದೆ, ಹಾಗೇ ಬಿಟ್ಟರೆ ಕೂಸಿಗೆ ಥಂಡಿ ಹಿಡಿಯುತ್ತದೆ ಎಂದರು ಮಾವಶಿ. ಎದುರು ಮನೆಯಿಂದ ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ತಂದು, ಸಣ್ಣಗೆ ಸೀಳಿ, ಸ್ವಲ್ಪ ಸ್ವಲ್ಪವೇ ಬಂಬಿನೊಳಗೆ ಇಳಿಬಿಟ್ಟರು. ನಾನು ಗಂಗಾಳದಲ್ಲಿ ಕೈ ಅದ್ದಿ ನೋಡಿದೆ. ಹಿತವಾಗಿತ್ತು. ಬಾಗಿಲು ಮುಚ್ಚಿತು.

ರಸ್ತೆಯ ಕಡೆಯಿಂದ ತಾಳದ ಸದ್ದು ಬರುತ್ತಿತ್ತು. ಒಳಗೆ ಮಾವಶಿ ಕೂಸಿಗೆ ಪಾಲಖಿಯ ಸುದ್ದಿ ಹೇಳುತ್ತಿದ್ದರು. ಗಂಗಾಳಕ್ಕೆ ಬಿಸಿನೀರು ಬೀಳುವಂತೆ ನಲ್ಲಿಯನ್ನು ಸಣ್ಣಗೆ ಬಿಟ್ಟುಕೊಂಡು, ತಣ್ಣೀರು ಬೆರೆಸುತ್ತ ಹಾಕುವುದು ಅವರ ಕ್ರಮ. ನಾನು ಫೋನು ನೋಡಿದೆ. ಗಂಗಾಳದ ಅಂಕಿ ಮೂವತ್ತೆಂಟೂವರೆ. ಇನ್ನೊಮ್ಮೆ ನೋಡಿದೆ, ಮೂವತ್ತೆಂಟೂವರೆ. ಬಂಬಿನ ಮೇಲ್ಭಾಗದ ಅಂಕಿ ನೋಡಿದೆ. ಅದೂ ಬಾಗಿಲು ಮುಚ್ಚಿದಾಗ ಎಷ್ಟಿತ್ತೋ ಅಷ್ಟೇ. ಹಲಗೆ ಉರಿಯುವ ಚಟಪಟ ಸದ್ದು ಕೇಳುತ್ತಿತ್ತು. ಬೆಂಕಿ ಏರುತ್ತಿರುವಾಗ ಮೂರೂ ಅಂಕಿ ಕದಲದೆ ನಿಂತಿದ್ದವು.

ಪೆಟ್ಟಿಗೆ ಕೆಟ್ಟು ನಿಂತಿದೆ ಎಂಬುದು ಮೊದಲು ನನ್ನ ಕಾಲಿಗೆ ತಿಳಿದಿರಬೇಕು, ಯಾಕೆಂದರೆ ನಾನು ಎದ್ದು ನಿಂತಿದ್ದೆ. ಅದೇ ಹೊತ್ತಿಗೆ ಒಳಗೆ ಮಾವಶಿಯ ಮಾತು ನಿಂತಿತು. ವಾಕ್ಯದ ನಡುವೆ ನಿಂತಿತು. ಆ ಮೌನದಷ್ಟು ಭಯ ನನಗೆ ಹಿಂದೆಂದೂ ಆಗಿರಲಿಲ್ಲ, ಆಮೇಲೆಯೂ ಆಗಿಲ್ಲ. ತಂಬಿಗೆ ನೆಲಕ್ಕೆ ಬಿದ್ದ ಸದ್ದು ಕೇಳಿತು. ನಾನು ಬಾಗಿಲು ತಳ್ಳಿದೆ.

ಬಚ್ಚಲ ತುಂಬ ಹಬೆ. ಮಾವಶಿ ಮಣೆಯ ಮೇಲೆ ಕೂತಿದ್ದರು, ಕಾಲುಗಳು ಹಾಗೇ ಚಾಚಿದ್ದವು. ಅವರ ಕುತ್ತಿಗೆಯಿಂದ ಎದೆಯ ತನಕ ಸೀರೆ ತೊಯ್ದು ಅಂಟಿಕೊಂಡಿತ್ತು, ಚರ್ಮ ಕೆಂಪಗಾಗಿತ್ತು. ಎಡಗೈ ಮಾತ್ರ ಕೂಸಿನ ಬೆನ್ನಿನ ಮೇಲೆ ಇದ್ದ ಹಾಗೆಯೇ ಇತ್ತು. ಕೂಸು ಅಳುತ್ತಿರಲಿಲ್ಲ. ತಲೆ ಹೊರಳಿಸಿ ಹಬೆಯನ್ನು ನೋಡುತ್ತಿತ್ತು.

"ಕೂಸಿಗೆ ಏನೂ ಆಗಿಲ್ಲ," ಎಂದರು ಮಾವಶಿ. ಹಲ್ಲು ಕಚ್ಚಿಕೊಂಡಿದ್ದರು. "ಮೊದಲ ಅದನ್ನ ಎತ್ತಿಕೊ."

ಎತ್ತಿಕೊಂಡೆ. ಆಮೇಲೆ ನಲ್ಲಿ ನಿಲ್ಲಿಸಿದೆ, ತಣ್ಣೀರಿನ ಬಕೆಟ್ಟನ್ನು ಅವರ ಹೆಗಲಿನ ಮೇಲೆ ಸುರಿದೆ. ಅವರು ಆಗ ಒಮ್ಮೆ ನರಳಿದರು.

ಆದದ್ದು ಇಷ್ಟು. ತಂಬಿಗೆ ತುಂಬಿ ಎತ್ತಿದಾಗ ಮಾವಶಿ ಗೋಡೆಯ ಪೆಟ್ಟಿಗೆ ನೋಡಿದರು. ಹಿಂದಿನ ತಂಬಿಗೆಗೆ ಇದ್ದ ಅಂಕಿಯೇ ಇತ್ತು, ಅದರ ಹಿಂದಿನದಕ್ಕೂ ಅದೇ. ಅಂಕಿ ಸರಿಯಾಗಿಯೇ ಇತ್ತು. ಅವರ ಕಾಲಿಗೆ ಏನೂ ತಿಳಿಯುತ್ತಿರಲಿಲ್ಲ, ಆ ಬೆಳಿಗ್ಗೆ ಬೆರಳೂ ಮಂದವಾಗಿತ್ತು. ಚೆನ್ನಾಗಿ ತಿಳಿಯುವ ಜಾಗ ಮೈಯಲ್ಲಿ ಎಲ್ಲಿದೆಯೋ ಅಲ್ಲಿಗೆ ತಂಬಿಗೆಯನ್ನು ತಿರುಗಿಸಿದರು. ಮಂದ ಬೆರಳಿಗೆ ಹಿಡಿತದ ಅಂದಾಜು ಇಲ್ಲದ್ದರಿಂದ ಒಂದು ಧಾರೆ ಬಿಡುವ ಬದಲು ಎಲ್ಲ ನೀರೂ ಬಿತ್ತು.

ಗುಳ್ಳೆ ಎದ್ದವು. ಒಣಗಲು ಬಹಳ ದಿನ ಹಿಡಿಯಿತು, ಶುಗರ್ ಇದ್ದವರಿಗೆ ಹಾಗೇ. ನನ್ನ ಗಂಡ ಪೆಟ್ಟಿಗೆ ಬಿಚ್ಚಿ ನೋಡಿ ತಲೆ ಹಿಡಿದುಕೊಂಡು ಕೂತರು. ಅದರೊಳಗಿನ ಅವರ ಪ್ರೋಗ್ರಾಮೇ ಸಿಕ್ಕಿಹಾಕಿಕೊಂಡು, ಕೊನೆಯ ಅಂಕಿಯನ್ನೇ ತೋರಿಸುತ್ತ ನಿಂತಿತ್ತು. ಅವರು ಕ್ಷಮೆ ಕೇಳಲು ಹೋದರೆ ಮಾವಶಿ ಕೇಳಿಸಿಕೊಳ್ಳಲಿಲ್ಲ. "ಜೀವ ಅದನೋ ಇಲ್ಲೋ ತಿಳಿಯಾಕ ಒಂದು ದೀಪ ಕಣ್ಣು ಮಿಟುಕಿಸಬೇಕ ನೋಡಪಾ ಅದರಾಗ. ದೀಪ ನಿಂತ್ರ ಪೆಟ್ಟಿಗಿ ಸತ್ತದ ಅಂತ," ಎಂದರು. ಹಾಗೇ ಮಾಡಿಸಿಕೊಂಡರು. ಎರಡನೆಯ ಪೆಟ್ಟಿಗೆಯನ್ನೂ, ಮೊದಲನೆಯದಕ್ಕೆ ಸಂಬಂಧವೇ ಇಲ್ಲದಂತೆ, ಪಕ್ಕದಲ್ಲಿ ಹಾಕಿಸಿದರು.

ಆದರೆ ಅವರು ಮತ್ತೆ ತಂಬಿಗೆ ಹಿಡಿಯಲಿಲ್ಲ. ಕುತ್ತಿಗೆಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಮರುದಿನವೇ ನನ್ನನ್ನು ಬಚ್ಚಲಿಗೆ ಕರೆದು ಮಣೆಯ ಮೇಲೆ ಕೂರಿಸಿದರು. ಕಾಲು ಚಾಚಲು ಹೇಳಿದರು. ಓಣಿ ಏನನ್ನುತ್ತದೆ ಎಂದೆ. ಓಣಿಗೆ ನಾನು ಹೇಳುತ್ತೇನೆ ಎಂದರು. ಕೂಸನ್ನು ನನ್ನ ಕಾಲಿನ ಮೇಲೆ ಮಲಗಿಸಿ, ನನ್ನ ಎಡಗೈಯನ್ನು ಎಲ್ಲಿಡಬೇಕೋ ಅಲ್ಲಿ ಇಟ್ಟರು. ಅವರ ಬೆರಳು ನನ್ನ ಬೆರಳ ಮೇಲೆ ಒತ್ತಿ ನಿಂತಿತ್ತು, ಎಷ್ಟು ಒತ್ತುತ್ತಿದೆ ಎಂಬುದು ಅವರಿಗೆ ತಿಳಿಯುತ್ತಿರಲಿಲ್ಲ. ಮೊದಲ ಧಾರೆ ನನ್ನ ಕಾಲಿನ ಮೇಲೆ ಬಿದ್ದಾಗ ನಾನು ನಡುಗಿದೆ. "ನಡುಗು, ನಡುಗು. ಕೈ ಬಿಡಬ್ಯಾಡ ಅಷ್ಟ," ಎಂದರು.

ಓಣಿಗೆ ಅವರು ನಿಜವಾಗಿಯೂ ಹೇಳಿದರು. ಮುಂದಿನ ತಿಂಗಳು ಮೂಲೆಯ ಮನೆಯ ಹೆಂಗಸು ಮೊಮ್ಮಗನಿಗೆ ನೀರು ಹಾಕಲು ಕರೆಯಲು ಬಂದಳು. ಮಾವಶಿ ಬಾಗಿಲಲ್ಲಿ ನಿಂತು, ನಾಲ್ಕು ಮನೆಗೆ ಕೇಳಿಸುವಂತೆ, ನನ್ನ ಕಾಲಿಗೆ ಬಿಸಿ ತಿಳಿಯುವುದಿಲ್ಲ, ಇನ್ನು ಮೇಲೆ ಯಾರೂ ನನ್ನನ್ನು ಕರೆಯಬೇಡಿ ಎಂದು ಮರಾಠಿಯಲ್ಲಿ ಹೇಳಿದರು. ಆ ಹೆಂಗಸು ತಂದಿದ್ದ ಅರಿಶಿನ ಕುಂಕುಮವನ್ನು ಹಾಗೇ ಹಿಡಿದು ನಿಂತಿದ್ದಳು. ಮಾವಶಿ ಒಳಗೆ ಬಂದು, ಅಡಿಗೆ ಮನೆಯ ನೆಲದ ಮೇಲೆ ಕೂತು, ಬಹಳ ಹೊತ್ತು ಏಳಲಿಲ್ಲ.

ಆಮೇಲೆ ಓಣಿಯಲ್ಲಿ ಮಾತು ಬೆಳೆಯಿತು. ಬಾಡಿಗೆಯವರ ಕೂಸನ್ನು ಸುಟ್ಟಳಂತೆ, ಅದಕ್ಕೇ ಬಿಟ್ಟಳಂತೆ ಎಂದು ಕೆಲವರು ಹೇಳಿದರು. ಈಗಲೂ ಹೇಳುವವರಿದ್ದಾರೆ. ಆದ್ದರಿಂದ ಇಲ್ಲಿ ಬರೆದಿಡುತ್ತೇನೆ. ಆ ಬೆಳಿಗ್ಗೆ ನನ್ನ ಮಗಳ ಮೈಮೇಲೆ ಸುಡುವ ನೀರಿನ ಒಂದು ಹನಿಯೂ ಬಿದ್ದಿರಲಿಲ್ಲ. ನಾನು ಅವಳ ಮೈಯನ್ನೆಲ್ಲ ನೋಡಿದ್ದೇನೆ.

ಮಗಳಿಗೆ ಎರಡು ತುಂಬಿದ ಮಳೆಗಾಲದಲ್ಲಿ ಮಾವಶಿಯ ಪಾದಕ್ಕೆ ಮೊಳೆ ಚುಚ್ಚಿತು. ಅವರಿಗೆ ತಿಳಿಯಲಿಲ್ಲ. ನೆಲದ ಮೇಲೆ ರಕ್ತದ ಕಲೆ ನೋಡಿ, ಯಾರ ಕಾಲಿಗೆ ಏನಾಗಿದೆ ಎಂದು ಅವರೇ ನಮ್ಮನ್ನೆಲ್ಲ ಕೇಳಿದ್ದರು. ಗಾಯ ಕೊಳೆತು ಮೇಲೇರಿತು, ಆಸ್ಪತ್ರೆಯಲ್ಲಿ ಪಾದವನ್ನು ತೆಗೆದರು. ಮನೆಗೆ ಕರೆತಂದ ಮೇಲೆ ಅವರ ಸ್ನಾನ ನನ್ನ ಪಾಲಿಗೆ ಬಂತು. ಕೈಗಳೂ ಆಗ ಪೂರ್ತಿ ಮಂದವಾಗಿದ್ದವು. ಕುರ್ಚಿಯ ಮೇಲೆ ಕೂರಿಸಿ ನೀರು ಹಾಕುತ್ತಿದ್ದೆ. ನಾನು ಬಂಬಿನ ಮುಂದೆ ನಿಂತು ನೀರು ಬೆರೆಸುವಾಗ ಅವರು ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿರುತ್ತಿದ್ದರು. ಅವರು ಹೆದರುತ್ತಿದ್ದುದು ತಮಗಾಗಿಯೋ ನನಗಾಗಿಯೋ ನನಗೆ ತಿಳಿಯುತ್ತಿರಲಿಲ್ಲ. ಗಾಯದ ನಂಜು ರಕ್ತಕ್ಕೆ ಸೇರಿ ದಸರೆಗೆ ಮೊದಲೇ ಅವರು ತೀರಿಕೊಂಡರು.

ತೀರಿಕೊಳ್ಳುವ ಎರಡು ದಿನ ಮೊದಲು ಜ್ವರ ಸ್ವಲ್ಪ ಇಳಿದಿತ್ತು, ನೀರು ಬೇಕು ಎಂದರು. ಬೆರೆಸಿದೆ, ಎರಡೂ ಪೆಟ್ಟಿಗೆ ನೋಡಿದೆ.

"ಮೂವತ್ತೆಂಟು ಅದರಿ ಮಾವಶಿ."

ತಲೆ ಅಲ್ಲಾಡಿಸಿದರು. "ಪೆಟ್ಟಿಗಿದು ಬ್ಯಾಡ. ನಿನ್ನ ಕೈ ಏನ್ ಅಂತದ?"

ಮೊಣಕೈ ತನಕ ಅದ್ದಿ ನೋಡಿದೆ. ಬೆರಳು ಅದ್ದಿ ನೋಡಿದೆ. ಸೀರೆಯೆತ್ತಿ ನನ್ನ ಕಾಲಿನ ಮೇಲೆ ಒಂದು ಧಾರೆ ಬಿಟ್ಟುಕೊಂಡು ನೋಡಿದೆ.

"ಹಿತ ಅದರಿ," ಎಂದೆ.

"ಹಂಗಾರ ಹಾಕು," ಎಂದು ಕಣ್ಣು ಮುಚ್ಚಿಕೊಂಡರು. ಕುರ್ಚಿಯ ತೋಳನ್ನು ಹಿಡಿದಿದ್ದ ಕೈ ಸಡಿಲಾಯಿತು.

ನನ್ನ ಕೈ ನಡುಗುತ್ತಿತ್ತು. ಹಾಕಿದೆ.